ದುರ್ಬೀನಿಗೊಂದು ಮುಕ್ಕಾಲಿ

ನಮ್ಮ ಕಾಲೇಜಿನ ಪಕ್ಷಿವೀಕ್ಷಕರ ಗುಂಪಿಗೆ ಒಂದು ಸ್ಪಾಟಿಂಗ್ ಸ್ಕೋಪು ಕೊಳ್ಳಬೇಕೆಂದು ಈ ವರ್ಷ ತೀರ್ಮಾನವಾಯಿತು. ಅದಕ್ಕಾಗಿ ಕರೆದ ಸಭೆಯಲ್ಲಿ, ಸ್ಕೋಪಿನ ಗಾಜು ಎಷ್ಟು ದೊಡ್ಡದಿರಬೇಕು, ಅದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕು ಎಂಬ ವಿಷಯವಾಗಿ ಒಂದು ಗಂಟೆ ಚರ್ಚೆ ನಡೆಯಿತು. ಅದನ್ನು ಯಾವುದರ ಮೇಲೆ ನಿಲ್ಲಿಸುವುದು ಎಂಬ ಪ್ರಶ್ನೆಗೆ ದೊರೆತದ್ದು ಅರ್ಧ ನಿಮಿಷ. "ಯಾವುದೋ ಒಂದು ಟ್ರೈಪಾಡು ಜೊತೆಗೇ ಬರುತ್ತದಂತೆ" ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು, ಅಷ್ಟರಲ್ಲಿ ಕಾಫಿ ಬಂತು. ನಾನು ಎದ್ದು ನಿಂತು ಏನೋ ಹೇಳಲು ಹೋದೆ. ಕಾಫಿ ಬಂದ ಮೇಲೆ ಮಾತು ಕೇಳುವವರು ಯಾವ ಸಭೆಯಲ್ಲಿದ್ದಾರೆ? ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಣ ಇನ್ನೂ ಖರ್ಚಾಗಿಲ್ಲವೆಂಬ ಧೈರ್ಯವೇ ಇದಕ್ಕೆ ಕಾರಣ.

ಈ ಉಪಕರಣವನ್ನು ನೋಡದವರಿಗಾಗಿ ಎರಡು ಮಾತು. ಹಿಂದಿನವರು ದುರ್ಬೀನು ಎನ್ನುತ್ತಿದ್ದರಲ್ಲ, ಅದೇ ವಂಶದ್ದು ಇದು. ಎರಡು ಕಣ್ಣಿಗೂ ಹಿಡಿಯುವ ಬೈನಾಕ್ಯುಲರು ಸಾಮಾನ್ಯವಾಗಿ 8 ಪಟ್ಟೋ 10 ಪಟ್ಟೋ ಹಿಗ್ಗಿಸಿ ತೋರಿಸಿದರೆ, ಒಂದೇ ಕಣ್ಣಿಗೆ ಹಿಡಿಯುವ ಈ ಸ್ಕೋಪು 20, 30, 40 ಪಟ್ಟು ತೋರಿಸುತ್ತದೆ. ದೊಡ್ಡವು ಮುಂದಿನ ಗಾಜು 80 ಮಿಲಿಮೀಟರಿನಷ್ಟು ಅಗಲವಿದ್ದು ಒಂದೂವರೆ ಎರಡು ಕಿಲೋ ತೂಗುತ್ತವೆ. ಚಿಕ್ಕವು 50 ಅಥವಾ 60 ಮಿಲಿಮೀಟರಿನವು. ಅರ್ಧ ಕಿಲೋದಿಂದ ಒಂದು ಕಿಲೋ ಒಳಗೆ ಮುಗಿಯುತ್ತವೆ, ಊಟದ ಡಬ್ಬಿಯ ಪಕ್ಕದಲ್ಲಿ ಚೀಲದೊಳಗೆ ಕೂರುತ್ತವೆ. ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೆ ಚಿಕ್ಕದೇ ಸರಿ ಎಂದು ನನ್ನ ಪಕ್ಷ. ಆದರೆ ಚಿಕ್ಕದಾಗಲಿ ದೊಡ್ಡದಾಗಲಿ, ಕೈಯಲ್ಲಿ ಹಿಡಿದು ನೋಡುವ ಸಾಮಾನಲ್ಲ. ಅದು 30 ಪಟ್ಟು ಹಿಗ್ಗಿಸುವಾಗ ಹಕ್ಕಿಯನ್ನು ಮಾತ್ರವಲ್ಲ, ನಮ್ಮ ನಡುಕವನ್ನೂ 30 ಪಟ್ಟು ಹಿಗ್ಗಿಸುತ್ತದೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಕೊಳವೆ ಅಲುಗಿತೆನ್ನಿ. ಬರಿಗಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ. 30 ಪಟ್ಟಿನಲ್ಲಿ ನೋಡುವವನಿಗೆ ಮಾತ್ರ ದೃಶ್ಯವು ಹುಣ್ಣಿಮೆಯ ಚಂದ್ರನ ಅಗಲದಷ್ಟು ಅತ್ತಿಂದಿತ್ತ ಓಲಾಡಿದಂತೆ ಕಾಣುತ್ತದೆ. ಗಾಜಿಗೆ ಎಷ್ಟು ಹಣ ಸುರಿದರೂ ಈ ಓಲಾಟವನ್ನು ಗಾಜು ನಿಲ್ಲಿಸಲಾರದು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಮನೆ ಇರುವುದು ಸುಬ್ರಹ್ಮಣ್ಯಪುರದಲ್ಲಿ. ಊರು ಎಂದು ಕರೆಯುವುದು ಹಿರಿಯರಿಂದ ಬಂದ ಅಭ್ಯಾಸ. ಉತ್ತರಹಳ್ಳಿ, ಚಿಕ್ಕಲಸಂದ್ರ, ಕೋಣನಕುಂಟೆಗಳ ನಡುವೆ ಅದು ಎಂದೋ ಬೆಂಗಳೂರಿನೊಳಗೆ ಕರಗಿಹೋಗಿದೆ. ಆದರೂ ಅಲ್ಲಿಗೊಂದು ಕೆರೆ ಉಳಿದಿದೆ. ಭಾನುವಾರ ಬೆಳಿಗ್ಗೆ ಅದರ ದಡದಲ್ಲಿ ನಿಂತು ಕೊಳದ ಬಕ, ನೀರುಕಾಗೆ, ನಾಮದ ಕೋಳಿ, ಗುಳುಮುಳುಕಗಳನ್ನು ಎಣಿಸಿ ಬರೆದಿಡುವುದು ನನ್ನ ಎರಡು ವರ್ಷದ ರೂಢಿ. ಪರಿಚಿತರೊಬ್ಬರು ತಮ್ಮ ಹಳೆಯ ಚಿಕ್ಕ ಸ್ಕೋಪನ್ನು ಉಪಯೋಗಿಸಿಕೊಳ್ಳಲು ಕೊಟ್ಟಿದ್ದಾರೆ. ಟ್ರೈಪಾಡು ಮಾತ್ರ ನನ್ನದು. ಅಗ್ಗವೆಂದು, ಹಗುರವೆಂದು, ಮೇಲಾಗಿ ಎಂಟು ಕಿಲೋ ಹೊರುತ್ತದೆಂದು ಡಬ್ಬಿಯ ಮೇಲೆ ಅಚ್ಚಾಗಿದ್ದುದನ್ನು ನಂಬಿ ತಂದದ್ದು. ಒಂದು ಕಿಲೋಗೂ ಕಡಿಮೆ ತೂಕ. ಮಡಿಸಿದರೆ ಮೊಳದುದ್ದ, ಬಿಚ್ಚಿದರೆ ನನ್ನ ಕಣ್ಣಿನೆತ್ತರ. ಇನ್ನೇನು ಬೇಕು ಎಂದುಕೊಂಡೆ.

ಆ ಜನವರಿಯ ಒಂದು ಬೆಳಿಗ್ಗೆ ಕೆರೆಯ ಆಚೆ ಅಂಚಿನ ಕೆಸರಿನಲ್ಲಿ ಒಂದು ಗೊರವ ಓಡಾಡುತ್ತಿತ್ತು. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಗೊರವಗಳಲ್ಲಿ ವುಡ್ ಸ್ಯಾಂಡ್‌ಪೈಪರ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್ ಎಂಬ ಎರಡು ಉಂಟು. ದೂರದಿಂದ ಅಣ್ಣತಮ್ಮಂದಿರಂತೆ ತೋರುತ್ತವೆ. ಮೊದಲನೆಯದಕ್ಕೆ ಕಣ್ಣಿನ ಮೇಲಿನ ಬಿಳಿಯ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಹರಿದಿರುತ್ತದೆ, ಬೆನ್ನ ಮೇಲೆ ಎದ್ದುಕಾಣುವ ಚುಕ್ಕೆಗಳಿರುತ್ತವೆ. ಎರಡನೆಯದರ ಹುಬ್ಬು ಕಣ್ಣಿನ ಮುಂದೆಯೇ ಮುಗಿಯುತ್ತದೆ, ಬೆನ್ನು ಹೆಚ್ಚು ಕಪ್ಪು. ಒಂದು ಕೂದಲೆಳೆಯಷ್ಟು ಬಿಳಿಗೆರೆ ಎಲ್ಲಿ ನಿಲ್ಲುತ್ತದೆಂದು ನೋಡಿದರೆ ಸಾಕು, ತೀರ್ಪಾಯಿತು. ಅದಕ್ಕೇ ಅಲ್ಲವೆ ಸ್ಕೋಪು? ನಾನು ಕಣ್ಣಿಟ್ಟೆ. ತೆಳ್ಳನೆಯ ಗಾಳಿ ಬೀಸುತ್ತಿತ್ತು. ಹಕ್ಕಿಯೂ ಕೆಸರೂ ಹುಲ್ಲೂ ಸೇರಿ ಜೇನುಹುಟ್ಟಿನಂತೆ ಗುಂಯ್‌ಗುಡುತ್ತಿದ್ದವು. ಫೋಕಸು ತಿರುಗಿಸಲು ಬೆರಳು ಮುಟ್ಟಿದರೆ ದೃಶ್ಯವೇ ಹಾರಿಹೋಗುತ್ತಿತ್ತು. ನಿಂತಿತೆನ್ನುವಷ್ಟರಲ್ಲಿ ಇನ್ನೊಂದು ಗಾಳಿ. ಕೊನೆಗೆ ಬೇಸತ್ತು 'ಗ್ರೀನ್' ಎಂದು ಬರೆದುಕೊಂಡೆ. ವಾರದ ಮೇಲೆ ಅದೇ ಜಾಗದಲ್ಲಿ, ಅದೇ ಹಕ್ಕಿಯನ್ನು, ಒಳ್ಳೆಯ ಕ್ಯಾಮರಾ ಇದ್ದವರೊಬ್ಬರು ತೆಗೆದ ಚಿತ್ರದಲ್ಲಿ ನೋಡಿದರೆ ಬಿಳಿಯ ಹುಬ್ಬು ಕಣ್ಣನ್ನು ದಾಟಿ ಸೊಗಸಾಗಿ ಹಿಂದಕ್ಕೆ ಹೋಗಿದೆ! ನನ್ನ ಟಿಪ್ಪಣಿಯನ್ನು ತಿದ್ದಿದೆ. ಆದರೆ ಅದಕ್ಕೆ ಮೊದಲಿನ ಎರಡು ತಿಂಗಳಲ್ಲಿ ಅದೇ ಅಲುಗಾಟದಲ್ಲಿ ನೋಡಿ ಬರೆದಿದ್ದ ಇನ್ನಷ್ಟು 'ಗ್ರೀನ್'ಗಳಿವೆಯಲ್ಲ, ಅವುಗಳ ಗತಿಯೇನು? ಅವನ್ನು ಅಳಿಸುವುದಕ್ಕೂ ಇಲ್ಲ, ಇಟ್ಟುಕೊಳ್ಳುವುದಕ್ಕೂ ಇಲ್ಲ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದೆಂದು ಈಗ ತೋರುತ್ತದೆ. ನಮ್ಮ ಬೀದಿಯ ಹುಡುಗನೊಬ್ಬ, ನಾಲ್ಕನೆಯ ತರಗತಿಯವನು, ನನ್ನ ಹಿಂದೆಯೇ ದಡಕ್ಕೆ ಬಂದಿದ್ದ. ಗುಳುಮುಳುಕದ ಮರಿಗಳು ತಾಯಿಯ ಬೆನ್ನೇರಿ ಕೂತಿದ್ದವು. ನೋಡು ಎಂದು ಕರೆದೆ. ಅವನ ಎತ್ತರಕ್ಕೆ ಕಾಲುಗಳನ್ನು ಇಳಿಸಿ ಮತ್ತೆ ಹಕ್ಕಿಯನ್ನು ಹುಡುಕಿ ನಿಲ್ಲಿಸುವಷ್ಟರಲ್ಲಿ ಐದು ನಿಮಿಷವಾಯಿತು. ಅವನು ಎರಡು ಕೈಯಿಂದಲೂ ಕೊಳವೆಯನ್ನು ಹಿಡಿದುಕೊಂಡ. ಮಕ್ಕಳು ಹಿಡಿಯದೆ ಬಿಡುವರೆ? "ಬರೀ ನೀರು ಕುಣೀತಿದೆ ಅಣ್ಣ" ಎಂದು ಹೇಳಿ, ಮತ್ತೊಂದು ಸಲ ನೋಡೆಂದರೂ ಕೇಳದೆ, ಕಲ್ಲು ಎಸೆಯಲು ಹೋದ. ಬೈನಾಕ್ಯುಲರು ಒಬ್ಬನ ಸುಖಕ್ಕೆ ಇರತಕ್ಕದ್ದು. ಸ್ಕೋಪಿನ ಹೆಚ್ಚುಗಾರಿಕೆಯೇ ಒಬ್ಬ ಹುಡುಕಿ ನಿಲ್ಲಿಸಿದ್ದನ್ನು ಹತ್ತು ಜನ ಸಾಲಾಗಿ ಬಂದು ನೋಡಬಹುದು ಎಂಬುದು. ಮುಟ್ಟಿದರೆ ಗುರಿ ತಪ್ಪುವ ಕಾಲಿನ ಮೇಲೆ ಅದು ಸಾಧ್ಯವಿಲ್ಲ.

ಸರಿ, ಭಾರವಾದುದನ್ನೇ ನೋಡೋಣವೆಂದು ನಮ್ಮ ಸೋದರಮಾವನ ಬಳಿಗೆ ಹೋದೆ. ಮಾವ ಮದುವೆ, ಗೃಹಪ್ರವೇಶಗಳಿಗೆ ವಿಡಿಯೋ ತೆಗೆಯುವವರು. ಅವರ ಟ್ರೈಪಾಡು ತಲೆಯೂ ಸೇರಿ ನಾಲ್ಕು ಕಿಲೋ ಮೇಲಿತ್ತು. ಸ್ಕೋಪನ್ನು ಅದಕ್ಕೇರಿಸಿ ಅವರ ಮನೆಯ ತಾರಸಿಯಿಂದ ನೋಡಿದರೆ ದೂರದ ತೆಂಗಿನಮರದ ಗರಿಯ ಮೇಲಿದ್ದ ಹದ್ದಿನ ಕಣ್ಣು ಕಲ್ಲಿನಲ್ಲಿ ಕೆತ್ತಿದಂತೆ ನಿಂತಿತ್ತು. ಅದೇ ಗಾಜು, ಅದೇ ನಾನು! ನನ್ನ ಟ್ರೈಪಾಡನ್ನು ಮಾವ ಕೈಗೆ ತೆಗೆದುಕೊಂಡು, ಅದರ ತಲೆಯನ್ನು ಹಿಡಿದು ಒಂದು ಸಲ ತಿರುಚಿ ನೋಡಿ ನಕ್ಕರು. "ಕಾಲು ಗಡುಸಾಗಿರಬೇಕು, ತಲೆ ಮೆತ್ತಗೆ ತಿರುಗಬೇಕು ಕಣಪ್ಪ. ನೀನು ತಂದಿರೋದರಲ್ಲಿ ಎರಡೂ ತಿರುಗುಮುರುಗು." ನಾನು, "ಮಾವ, ನಿಮ್ಮದನ್ನೇ ಭಾನುವಾರ ಕೊಡ್ತೀರಾ?" ಎಂದೆ. ಕೊಟ್ಟರು. ಎರಡು ಭಾನುವಾರ ಹೊತ್ತೆ. ಮೂರನೆಯ ಭಾನುವಾರ ತುರಹಳ್ಳಿ ಕಾಡಿಗೆ ಹೊರಟು, ಅಲ್ಲಿನ ಬಂಡೆಗಳನ್ನು ಹತ್ತಬೇಕೆಂಬುದನ್ನು ನೆನೆದು ಟ್ರೈಪಾಡನ್ನು ಮನೆಯಲ್ಲೇ ಬಿಟ್ಟೆ. ಟ್ರೈಪಾಡಿಲ್ಲದ ಮೇಲೆ ಸ್ಕೋಪೂ ಮನೆಯಲ್ಲೇ ಉಳಿಯಿತು. ಮಾವನಿಗಾದರೋ ಸಾಮಾನು ಹೊರಲು ವ್ಯಾನು ಉಂಟು, ಒಬ್ಬ ಹುಡುಗನೂ ಉಂಟು.

ಹಗುರವೂ ಬೇಕು, ಗಡುಸೂ ಬೇಕು. ಇದು ಹಾಲೂ ಬೇಕು ಹುಳಿಯೂ ಬೇಕು ಎಂದಂತಾಯಿತಲ್ಲ ಎಂದು ಕೆಲವು ಕಾಲ ನಿರಾಶನಾಗಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಪಕ್ಕದ ಮನೆಯ ಅಣ್ಣ ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ ಮೇಲೆ ಕಣ್ಣು ತೆರೆಯಿತು. ಕಲಾ ವಿಭಾಗದವರು ಹೆದರಬೇಕಾಗಿಲ್ಲ. ನನಗೇ ಅರ್ಥವಾದ ಲೆಕ್ಕ ಇದು. ಟ್ರೈಪಾಡಿನ ಕಾಲು ಒಂದು ಕೊಳವೆ. ಅದರ ತೂಕ ಇಳಿಸಲು ಎರಡು ದಾರಿಗಳಿವೆ: ಸಣ್ಣ ಮಾಡುವುದು, ಇಲ್ಲವೆ ಗಿಡ್ಡ ಮಾಡುವುದು. 28 ಮಿಲಿಮೀಟರ್ ದಪ್ಪದ ಕೊಳವೆಯ ಬದಲು, ಲೋಹದ ಗೋಡೆ ಅಷ್ಟೇ ಇಟ್ಟು, 20 ಮಿಲಿಮೀಟರಿನದನ್ನು ಹಾಕಿದರೆ ತೂಕ ನೂರಕ್ಕೆ ಇಪ್ಪತ್ತೊಂಬತ್ತರಷ್ಟು ಇಳಿಯುತ್ತದೆ. ಆದರೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ಅನುಸಾರವಾಗಿ ಇಳಿದು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಅದೇ 28ರ ಕೊಳವೆಯನ್ನೇ ಇಟ್ಟುಕೊಂಡು ಉದ್ದವನ್ನು 150 ಸೆಂಟಿಮೀಟರಿನಿಂದ 110ಕ್ಕೆ ಇಳಿಸಿದರೆ? ತೂಕ ನೂರಕ್ಕೆ ಇಪ್ಪತ್ತೇಳರಷ್ಟು ಇಳಿಯುತ್ತದೆ. ಹೆಚ್ಚುಕಡಿಮೆ ಅಷ್ಟೇ ಉಳಿತಾಯ. ಬಾಗದೆ ನಿಲ್ಲುವ ಶಕ್ತಿಯೋ ಎರಡೂವರೆ ಪಟ್ಟು ಏರುತ್ತದೆ! ಕೀಲು, ಬೀಗ, ನೆಲ ಇವೆಲ್ಲ ಸೇರಿ ಈ ಅಂಕಿಗಳು ನಿಜವಾದ ಟ್ರೈಪಾಡಿನಲ್ಲಿ ಇಷ್ಟು ಚೊಕ್ಕವಾಗಿ ಬರುವುದಿಲ್ಲವೆಂದು ಅಣ್ಣ ಎಚ್ಚರಿಸಿದ್ದಾರೆ. ದಾರಿ ಯಾವುದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಹಗುರವನ್ನು ಎತ್ತರದಿಂದ ಕಳೆದು ಪಡೆಯಬೇಕು, ದಪ್ಪದಿಂದ ಕಳೆದಲ್ಲ. ಅಂಗಡಿಯಲ್ಲಿ 'ಹಗುರ' ಎಂದು ಮಾರುವವುಗಳಲ್ಲಿ ಅನೇಕವು ಇದಕ್ಕೆ ನೇರ ವಿರುದ್ಧ: ಕಣ್ಣಿನೆತ್ತರ ಬರಬೇಕೆಂದು ಐದು ತುಂಡುಗಳನ್ನು ಒಂದರೊಳಗೊಂದು ತೂರಿಸಿ, ಕೊನೆಯದನ್ನು ಪೆನ್ಸಿಲಿನಷ್ಟು ಸಣ್ಣ ಮಾಡಿರುತ್ತಾರೆ. ಇಡೀ ಭಾರ ಕೂರುವುದು ಆ ಪೆನ್ಸಿಲಿನ ಮೇಲೆ. ಕೊಳ್ಳುವವರು ಮೊದಲು ಮುಟ್ಟಿ ನೋಡಬೇಕಾದದ್ದು ಅದನ್ನೇ.

ಎತ್ತರ ಕಡಿಮೆ ಮಾಡಿದರೆ ನೋಡುವುದು ಹೇಗೆ ಎಂದು ಕೇಳುವಿರಿ. ಉತ್ತರ ಅರ್ಧ ಸ್ಕೋಪಿನಲ್ಲಿದೆ, ಅರ್ಧ ನಮ್ಮ ಮೊಣಕಾಲಿನಲ್ಲಿದೆ. ಸ್ಕೋಪುಗಳಲ್ಲಿ ಕಣ್ಣಿಡುವ ಗಾಜು ನೇರವಾಗಿರುವುದು ಒಂದು ಬಗೆ, 45 ಡಿಗ್ರಿ ಮೇಲಕ್ಕೆ ಬಾಗಿರುವುದು ಇನ್ನೊಂದು ಬಗೆ. ನೇರವಾದದ್ದಾದರೆ ಗುಂಪಿನ ಅತಿ ಎತ್ತರದವನ ಕಣ್ಣಿಗೆ ತಕ್ಕ ಟ್ರೈಪಾಡು ಬೇಕು. ಕುಳ್ಳಗಿರುವವರು ತುದಿಗಾಲಲ್ಲಿ ನಿಲ್ಲಬೇಕು. ಬಾಗಿದ್ದಾದರೆ ಗುಂಪಿನ ಅತಿ ಕುಳ್ಳಗಿನವರಿಗೆ ನಿಲ್ಲಿಸಿದರೆ ಸಾಕು, ಉಳಿದವರು ಬಾವಿಯೊಳಗೆ ಇಣುಕುವಂತೆ ಬಗ್ಗಿ ನೋಡಿಕೊಳ್ಳುತ್ತಾರೆ. ನಮ್ಮ ಗುಂಪಿನಲ್ಲಿ ಆರಡಿ ದಾಟಿದ ವಾಲಿಬಾಲ್ ಆಟಗಾರರೂ ಇದ್ದಾರೆ, ಐದಡಿ ಮುಟ್ಟದ ಸೋದರಿಯರೂ ಇದ್ದಾರೆ. ಬಾಗಿದ ಸ್ಕೋಪಿಗೆ ತಲೆಯನ್ನು ಬಿಟ್ಟು 110 ಸೆಂಟಿಮೀಟರಿನ ಕಾಲುಗಳಿದ್ದರೆ ಎಲ್ಲರೂ ನೋಡಬಹುದು. ಹಕ್ಕಿಯನ್ನು ಹುಡುಕಿ ಹಿಡಿಯುವುದು ಬಾಗಿದ್ದರಲ್ಲಿ ಮೊದಮೊದಲು ಕಷ್ಟ, ನಿಜ. ಒಂದು ವಾರದ ಅಭ್ಯಾಸ ಬೇಕು. ಇನ್ನು ಮೊಣಕಾಲು. ಗಂಟೆಗಟ್ಟಲೆ ಒಂದೇ ಕಡೆ ಎಣಿಸುವಾಗ ಕೆರೆಯ ಏರಿಯ ಮೇಲೆ ಕುಳಿತೇಬಿಡಬಾರದೆ? ಕಾಲುಗಳನ್ನು ಪೂರಾ ಎಳೆಯದೆ, ಅಗಲಿಸಿ, ಎರಡಡಿ ಎತ್ತರಕ್ಕೆ ನಿಲ್ಲಿಸಿದರೆ ನನ್ನ ಆ ಬಡಪಾಯಿ ಟ್ರೈಪಾಡು ಕೂಡ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಮಾಡಿ ನೋಡಿದ್ದೇನೆ. ನಡುವಿನ ಕಂಬವನ್ನು ಮೇಲೆತ್ತುವ ಚಪಲವನ್ನು ಮಾತ್ರ ಬಿಡಬೇಕು. ಅದನ್ನು ಎತ್ತಿದೊಡನೆ ಮೂರು ಕಾಲಿನ ಮೇಲೆ ಒಂಟಿಕಾಲನ್ನು ನೆಟ್ಟಂತೆ. ಅಜ್ಜಿಯ ಮೂರು ಒಲೆಗುಂಡುಗಳ ಮೇಲೆ ಒಂದು ಕೋಲು ನಿಲ್ಲಿಸಿ ಅದರ ತುದಿಯಲ್ಲಿ ಪಾತ್ರೆ ಇಟ್ಟ ಹಾಗೆ.

ನಮ್ಮ ಭೂಗೋಳ ವಿಭಾಗದಲ್ಲಿ ಪ್ಲೇನ್ ಟೇಬಲ್ ಸರ್ವೆಗೆಂದು ಇರುವ ಮರದ ಮುಕ್ಕಾಲಿಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ. ಗಿಡ್ಡ, ದಪ್ಪ, ನಡುಗಂಬವಿಲ್ಲ, ತುದಿಗೆ ಕಬ್ಬಿಣದ ಮೊಳೆ. ಅಳತೆಯವರಿಗೆ ಈ ತತ್ತ್ವ ಮೊದಲಿನಿಂದಲೂ ಗೊತ್ತಿತ್ತು. ಹಗುರದ ಮಾತು ಮಾತ್ರ ಗೊತ್ತಿರಲಿಲ್ಲವೇನೋ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್ ಮುಂದೆ ದಕ್ಷಿಣ ದೇಶವನ್ನೆಲ್ಲ ಅಳೆಯಲು ಬಳಸಿದ ದೊಡ್ಡ ಥಿಯೊಡಲೈಟು ಸುಮಾರು ಅರ್ಧ ಟನ್ ತೂಗುತ್ತಿತ್ತು. 1808ರಲ್ಲಿ ಅದನ್ನು ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಹಗ್ಗ ಕಟ್ಟಿ ಎಳೆಯುವಾಗ ಕಲ್ಲಿಗೆ ಬಡಿದು ಜಖಂ ಆಯಿತು. ಭಾರವೇ ಸ್ಥಿರತೆಯೆಂದು ವಾದಿಸುವ ಮಿತ್ರರಿಗೆ ನಾನು ಈ ಕತೆಯನ್ನು ಹೇಳುತ್ತಿರುತ್ತೇನೆ.

ಡಬ್ಬಿಯ ಮೇಲಿನ 'ಎಂಟು ಕಿಲೋ' ಎಂಬ ಮಾತಿಗೆ ಬರುತ್ತೇನೆ. ಇದನ್ನು ಅಳೆಯಲು ತಯಾರಕರೆಲ್ಲರೂ ಒಪ್ಪಿದ ಒಂದೇ ಕ್ರಮವೆಂಬುದಿಲ್ಲ. ಅದರ ಅರ್ಥ ಇಷ್ಟೆ: ಅಷ್ಟು ಭಾರಕ್ಕೆ ಕುಸಿದು ಬೀಳುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗವೂ ನಾಲ್ಕು ಒದ್ದೆ ಸೀರೆಗಳನ್ನು ಹೊರುತ್ತದೆ. ಅದರ ಮೇಲೆ ಸ್ಕೋಪು ಕಟ್ಟುತ್ತೇವೆಯೆ? ನಮ್ಮ ಸ್ಕೋಪು ಅರ್ಧ ಕಿಲೋದ್ದಾದ್ದರಿಂದ ಹೊರುವ ಪ್ರಶ್ನೆಯೇ ಇಲ್ಲ. ಕೇಳಬೇಕಾದದ್ದು ನಡುಗುವ ಪ್ರಶ್ನೆ. ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆ ಸುಲಭ. ಕಾಲುಗಳನ್ನು ಪೂರಾ ಎಳೆದು ನಿಲ್ಲಿಸಿ, ತಲೆಯನ್ನು ಹಿಡಿದು ಮಾವ ಮಾಡಿದಂತೆ ಮೆಲ್ಲಗೆ ತಿರುಚಿ. ಕೈಗೆ ಜಗ್ಗಿದಂತಾದರೆ ವಾಪಸು ಕೊಡಿ. ಆಮೇಲೆ ಸ್ಕೋಪನ್ನೇರಿಸಿ, 30 ಪಟ್ಟಿಗಿಟ್ಟು, ದೂರದ ಒಂದು ನಾಮಫಲಕ ನೋಡುತ್ತ ಕೊಳವೆಯನ್ನು ಬೆರಳಿನಿಂದ ತಟ್ಟಿ. ಒಂದು, ಎರಡು ಎನ್ನುವಷ್ಟರಲ್ಲಿ ಅಕ್ಷರಗಳು ನಿಂತರೆ ಒಳ್ಳೆಯದು. ನಾಲ್ಕು, ಐದು ಎಂದು ಎಣಿಸುವಂತಾದರೆ ಅದು ಕೆರೆಯ ದಡಕ್ಕೆ ಆಗಿಬರುವುದಿಲ್ಲ.

ಕಾರ್ಬನ್ ಫೈಬರಿನದನ್ನೇ ಕೊಳ್ಳಬೇಕೆಂದು ಸಲಹೆ ಮಾಡುವವರಿದ್ದಾರೆ. ಅದು ಅಲ್ಯೂಮಿನಿಯಮ್ಮಿಗಿಂತ ಹಗುರ, ನಡುಕವನ್ನು ಬೇಗ ನುಂಗುತ್ತದೆ, ಬಿಸಿಲಿಗೆ ಕೈ ಸುಡುವುದಿಲ್ಲ. ಎಲ್ಲವೂ ಸತ್ಯ. ಆದರೆ ಕೀಲೂ ತಲೆಯೂ ಲೋಹವಾಗಿಯೇ ಉಳಿಯುವುದರಿಂದ ಒಟ್ಟಿನ ಮೇಲೆ ಕಾಲುಭಾಗದಷ್ಟು ಉಳಿದರೆ ಹೆಚ್ಚು. ಬೆಲೆ ಸಾಮಾನ್ಯವಾಗಿ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಮೇಲೆ. ಸರಕಾರಿ ಕಾಲೇಜಿನ ಗುಂಪಿಗೆ, ಗಿಡ್ಡನೆಯ ಅಲ್ಯೂಮಿನಿಯಮ್ ಕಾಲುಗಳೇ ಸಾಕು. ಮೂರು ಅಥವಾ ನಾಲ್ಕು ತುಂಡು, ಅದಕ್ಕಿಂತ ಹೆಚ್ಚು ಬೇಡ. ಮಡಿಸಿದಾಗ ಬಸ್ಸಿನಲ್ಲಿ ಎರಡು ಮೊಣಕಾಲ ನಡುವೆ ನಿಲ್ಲುವಂತಿದ್ದರೆ ಆಯಿತು.

ತಲೆಯ ವಿಷಯದಲ್ಲಿ ನಾನು ಮಾವನ ಪಕ್ಷ. ಫೋಟೋದವರು ಮೆಚ್ಚುವ ಗುಂಡು ತಲೆ, ಅಂದರೆ ಬಾಲ್ ಹೆಡ್ಡು, ಚಿಕ್ಕದು, ಹಗುರ. ಆದರೆ ಅದರ ತಿರುಪು ಸಡಿಲಿಸಿದೊಡನೆ ಸ್ಕೋಪು ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಕುಸಿಯುತ್ತದೆ. ಹಕ್ಕಿ ಈಜುತ್ತ ಹೋದಾಗ ಹಿಂಬಾಲಿಸುವುದು ಹೇಗೆ? ಎಡಬಲಕ್ಕೊಂದು, ಮೇಲೆ ಕೆಳಗೊಂದು, ಎರಡೇ ಚಲನೆ ಇರುವ, ಒಳಗೆ ಗಟ್ಟಿ ಗ್ರೀಸು ತುಂಬಿದ ಚಿಕ್ಕ ವಿಡಿಯೋ ತಲೆ, ಅಂದರೆ ಫ್ಲೂಯಿಡ್ ಹೆಡ್ಡು, ಅರ್ಧ ಕಿಲೋ ಸುಮಾರಿಗೆ ಸಿಗುತ್ತದೆ. 30 ಪಟ್ಟಿನಲ್ಲಿ ನಮಗೆ ಕಾಣುವ ವಿಸ್ತಾರ ಸುಮಾರು 2 ಡಿಗ್ರಿ. ಅಂದರೆ ನೂರು ಮೀಟರ್ ದೂರದಲ್ಲಿ ಮೂರೂವರೆ ಮೀಟರ್. ಅಷ್ಟು ಸಣ್ಣ ಕಿಂಡಿಯನ್ನು ಒಂದು ಅಂಗುಲ ಸರಿಸಲು ಹೋಗಿ ಹತ್ತು ಅಂಗುಲ ಹಾರಿಸುವ ತಲೆಯಿಂದ ಪ್ರಯೋಜನವಿಲ್ಲ. ಆಷಾಢದ ಗಾಳಿಯಲ್ಲಿ ಕೆಲವರು ಟ್ರೈಪಾಡಿನ ನಡುವೆ ಚೀಲ ತೂಗುಹಾಕುವುದುಂಟು. ಚೀಲದ ತಳ ನೆಲ ಮುಟ್ಟಿರಬೇಕು. ಇಲ್ಲದಿದ್ದರೆ ಗಾಳಿ ಚೀಲವನ್ನು ತೂಗಿ, ಚೀಲ ಟ್ರೈಪಾಡನ್ನು ತೂಗಿ, ಒಂದು ಕೇಡು ಎರಡಾಗುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ರಗಳೆಯೇ ಎಂದು ಕೇಳಬಹುದು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಫೆಬ್ರವರಿಯಲ್ಲಿ ಕಾಲೇಜುಗಳ ಆವರಣದಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತದೆ. ಇವಕ್ಕೆ ಸಂಬಳದ ಸಿಬ್ಬಂದಿಯಿಲ್ಲ. ನಮ್ಮಂಥವರು ಬರೆದುಕೊಟ್ಟದ್ದೇ ಆಧಾರ. ಮಂಗೋಲಿಯಾದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಹಿಮಾಲಯವನ್ನು ದಾಟಿ ಅವು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಾಗ, ದಡದಲ್ಲಿ ನಿಂತವನೊಬ್ಬ ಆ ಅಕ್ಷರವನ್ನು ತಪ್ಪಿಲ್ಲದೆ ಓದಿ ತಿಳಿಸಿದರೆ ಆ ಹಕ್ಕಿಯ ಪ್ರಯಾಣ ಲೆಕ್ಕಕ್ಕೆ ಬರುತ್ತದೆ. ಸೊನ್ನೆಯನ್ನು ಎಂಟೆಂದು ಓದಿದರೆ ಬೇರೆ ಯಾವುದೋ ಹಕ್ಕಿ ಬಂದಂತೆ ಆಯಿತು. ಮುಂದಿನ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪ್ರವಾಸ ಹೋಗಬೇಕೆಂದು ನಮ್ಮ ಗುಂಪು ಯೋಚಿಸುತ್ತಿದೆ. 80 ಮಿಲಿಮೀಟರಿನ ಗಾಜನ್ನು ನಡುಗುವ ಕಾಲಿನ ಮೇಲಿಟ್ಟು ನಾವು ಅಲ್ಲಿ ಓದುವುದೇನು?

ಆದ್ದರಿಂದ ಸಭೆಯ ಮುಂದೆ ನನ್ನ ಸೂಚನೆ ಇದು. ಮಂಜೂರಾದ ಹಣದಲ್ಲಿ ಮೂರನೆಯ ಒಂದು ಭಾಗವನ್ನು ಮೊದಲೇ ಕಾಲಿಗೂ ತಲೆಗೂ ತೆಗೆದಿಡಬೇಕು. ಉಳಿದದ್ದರಲ್ಲಿ, ಬಾಗಿದ ಕಣ್ಣುಗಾಜಿನ, 50 ಅಥವಾ 60 ಮಿಲಿಮೀಟರಿನ ಚಿಕ್ಕ ಸ್ಕೋಪನ್ನು ಕೊಳ್ಳಬೇಕು. ಎಲ್ಲವೂ ಸೇರಿ ಎರಡೂವರೆ ಕಿಲೋ ಮೀರಬಾರದು. ಮುಂಜಾನೆ, ಮುಸ್ಸಂಜೆಯ ಮಬ್ಬಿನಲ್ಲಿ ದೊಡ್ಡ ಗಾಜು ಹೆಚ್ಚು ಬೆಳಕು ಕೊಡುತ್ತದೆಂಬ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಆ ಅರ್ಧ ಗಂಟೆಯನ್ನು ನಾನು ಬಿಟ್ಟುಕೊಡಲು ಸಿದ್ಧ. ಹೊತ್ತೇರಿದ ಮೇಲೆ ನೀರಿನ ಮೇಲಿನ ಕಾವಿನಲ್ಲಿ ದೃಶ್ಯ ಕದಡುವಾಗ ದೊಡ್ಡ ಗಾಜಿನವರೂ ನಮ್ಮಷ್ಟೇ ಬಡವರು.

ಕಳೆದ ತಿಂಗಳು, ಮಾವನಿಂದ ಹಳೆಯ ವಿಡಿಯೋ ತಲೆಯೊಂದನ್ನು ಬೇಡಿ ತಂದು ನನ್ನ ಟ್ರೈಪಾಡಿಗೆ ಸಿಕ್ಕಿಸಿದ್ದೇನೆ. ಕೊನೆಯ ಎರಡು ಪೆನ್ಸಿಲ್ ತುಂಡುಗಳನ್ನು ಎಳೆಯುವುದೇ ಇಲ್ಲ, ಕುಳಿತೇ ನೋಡುತ್ತೇನೆ. ಆ ನಾಲ್ಕನೆಯ ತರಗತಿಯ ಹುಡುಗನಿಗೆ ಈಗ ಕಾಲು ಇಳಿಸುವ ಕೆಲಸವಿಲ್ಲ, ಪಕ್ಕದಲ್ಲಿ ಬಂದು ಕುಕ್ಕರಿಸಿದರೆ ಅವನ ಕಣ್ಣಿಗೆ ಸರಿಯಾಗುತ್ತದೆ. ಮೊನ್ನೆ ನಾಮದ ಕೋಳಿಯ ಕಣ್ಣು ಕೆಂಪಗಿದೆಯೆಂದು ನನಗಿಂತ ಮೊದಲು ಅವನೇ ಹೇಳಿದ. ಸಭೆಯ ಸದಸ್ಯರು ಯಾರಾದರೂ ಬಂದು ನೋಡುವುದಾದರೆ ಭಾನುವಾರ ಆರೂವರೆಗೆ ಅಲ್ಲಿರುತ್ತೇವೆ. ಬರುವಾಗ ಒಂದು ಹಳೆಯ ದಿನಪತ್ರಿಕೆ ತನ್ನಿ. ಆ ಹೊತ್ತಿಗೆ ಏರಿಯ ಹುಲ್ಲು ಒದ್ದೆಯಾಗಿರುತ್ತದೆ.